ತೊಂಬತ್ತೇಳು ಹಕ್ಕಿಗಳ ಪಟ್ಟಿ

ಕಾಲೇಜಿನ ಅಧ್ಯಾಪಕನಿಗೆ ವರ್ಷದಲ್ಲಿ ಯಾವ ದಿನ ಎಲ್ಲಕ್ಕಿಂತ ಬೇಸರದ್ದು ಎಂದು ಯಾರಾದರೂ ಕೇಳಿದರೆ, ಉತ್ತರಪತ್ರಿಕೆಗಳ ಕಟ್ಟು ಬಂದು ಬೀಳುವ ದಿನ ಎಂದು ನಾನು ಹೇಳಲಾರೆ. ಹಾಜರಿ ಸಾಲದ ಹುಡುಗರ ಪಟ್ಟಿಗೆ ರುಜು ಹಾಕುವ ದಿನ ಎಂದು ಹೇಳುತ್ತೇನೆ. ಆ ಪಟ್ಟಿಯಲ್ಲಿ ಇರುವುದು ಹೆಸರು ಮತ್ತು ಅಂಕಿ. ಹುಡುಗ ಏಕೆ ಬರಲಿಲ್ಲ ಎಂಬುದನ್ನು ಬರೆಯುವುದಕ್ಕೆ ಅದರಲ್ಲಿ ಜಾಗವಿಲ್ಲ.

ಕೆಲವು ವರ್ಷಗಳ ಹಿಂದೆ, ಮೈಸೂರಿನಲ್ಲಿ, ಅಂಥ ಒಂದು ಪಟ್ಟಿಯಲ್ಲಿ ಒಬ್ಬ ಉಬ್ಬಸದ ಹುಡುಗನಿದ್ದ. ಮಳೆ ಹಿಡಿಯಿತೆಂದರೆ, ಚಳಿ ಬಿತ್ತೆಂದರೆ, ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆಯುತ್ತಿದ್ದನಂತೆ. ಬೆಳಗಾದ ಮೇಲಾದರೂ ಮಲಗಬೇಕಲ್ಲ. ಅದನ್ನು ಬಿಟ್ಟು ಕುಕ್ಕರಹಳ್ಳಿ ಕೆರೆಯ ಏರಿಗೆ ಹೋಗಿ ಹಕ್ಕಿ ನೋಡುತ್ತ ನಿಲ್ಲುತ್ತಿದ್ದ. ಆಮೇಲೆ ನಿದ್ದೆ ತಡೆಯಲಾರದೆ ತರಗತಿಗೆ ತಪ್ಪಿಸಿಕೊಳ್ಳುತ್ತಿದ್ದ. ‘ಬೆಳಗಿನ ಹೊತ್ತು’ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ತನ್ನಿ ಎಂದು ನಾನು ಹೇಳಿದಾಗ ಅವನು ತಂದುಕೊಟ್ಟದ್ದು ಹನ್ನೆರಡು ಹಾಳೆಗಳ ಹಕ್ಕಿ ಲೆಕ್ಕ: ತಾರೀಖು, ಗಂಟೆ, ಗಾಳಿ ಯಾವ ಕಡೆಯದು, ಹೆಜ್ಜಾರ್ಲೆ ಎಷ್ಟು, ನೀರುಕಾಗೆ ಎಷ್ಟು, ಯಾವುದು ಕೂಗಿತು, ಯಾವುದು ಸುಮ್ಮನಿತ್ತು. ನಾನು ಕೆಂಪು ಶಾಯಿಯಲ್ಲಿ “ಇದು ಪ್ರಬಂಧವಲ್ಲ, ಪಟ್ಟಿ” ಎಂದು ಬರೆದು ಹಿಂದಿರುಗಿಸಿದೆ. ಅಷ್ಟಕ್ಕೇ ಬಿಡದೆ, “ಏನಪ್ಪ, ಹಕ್ಕಿ ಎಣಿಸಿದರೆ ಹಾಜರಿ ಬರುತ್ತದೆಯೆ?” ಎಂದು ಎಲ್ಲರೆದುರಿಗೂ ಕೇಳಿದೆ. ತರಗತಿ ನಕ್ಕಿತು. ಅವನೂ ನಕ್ಕ. ಮುಂದಿನ ವರ್ಷ ಅವನು ಕಾಲೇಜಿಗೆ ಬರಲಿಲ್ಲ.

ಈಚೆಗೆ ಬೇಸಿಗೆಯ ರಜದಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಬರೆದ ಆತ್ಮಚರಿತ್ರೆಯನ್ನು ಓದುತ್ತಿದ್ದಾಗ ಆ ಹುಡುಗನ ಮುಖ ಮತ್ತೆಮತ್ತೆ ಕಣ್ಣೆದುರಿಗೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದ ಫ್ರಾಂಕ್ಲಿನ್ ರೂಸ್‌ವೆಲ್ಟರ ಹೆಸರು ನಮ್ಮಲ್ಲಿ ಹೆಚ್ಚು ಪರಿಚಿತ. ನಾನು ಹೇಳುತ್ತಿರುವುದು ಅವರಿಗಿಂತ ಹಿರಿಯರಾದ, ಅವರ ದೂರದ ಬಂಧುವಿನ ವಿಚಾರ. 1901 ರಿಂದ 1909 ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದವರು. ಪನಾಮಾ ಕಾಲುವೆಯ ಕೆಲಸ ಹಿಡಿಸಿದವರು. ಮಕ್ಕಳ ಕೈಯ ಟೆಡ್ಡಿ ಬೇರ್ ಬೊಂಬೆಗೆ ಹೆಸರು ಬಂದದ್ದೂ ಅವರಿಂದಲೇ. ಕೈಯಲ್ಲಿ ಬಂದೂಕು, ಮುಖದ ತುಂಬ ಮೀಸೆ, ಗಟ್ಟಿ ದನಿ: ಚಿತ್ರಗಳಲ್ಲಿ ನಾವು ಕಾಣುವ ರೂಸ್‌ವೆಲ್ಟ್ ಹೀಗೆ. ಹಾರ್ವರ್ಡ್ ಕಾಲೇಜಿನಲ್ಲಿ ಉಸಿರಿಗಾಗಿ ಒದ್ದಾಡುತ್ತ, ಪಾಠ ಓದುತ್ತ, ಬಿಡುವಾದಾಗಲೆಲ್ಲ ಹಕ್ಕಿಗಳ ಹಿಂದೆ ಅಲೆಯುತ್ತಿದ್ದ ಹುಡುಗನ ಚಿತ್ರ ಯಾರ ಮನೆಯ ಗೋಡೆಯ ಮೇಲೂ ಇಲ್ಲ. ಆ ಹುಡುಗನ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ವಿದ್ಯಾರ್ಥಿಯಾದ್ದರಿಂದ ಏಕವಚನದಲ್ಲಿಯೇ ಕರೆಯುತ್ತೇನೆ. ಅಧ್ಯಕ್ಷರಾದ ಮೇಲೆ ಬಹುವಚನಕ್ಕೆ ಬಂದರಾಯಿತು.

ಥಿಯೊಡೋರ್ 1858 ನೆಯ ಇಸವಿ ಅಕ್ಟೋಬರ್ 27 ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದ. ಅನುಕೂಲಸ್ಥರ ಮನೆ. ಆದರೆ ಹಣದಿಂದ ಉಸಿರನ್ನು ಕೊಳ್ಳುವುದಾಗುವುದಿಲ್ಲವಷ್ಟೆ. ಎಳೆಯ ವಯಸ್ಸಿನಿಂದಲೇ ಉಬ್ಬಸ ಹಿಡಿಯಿತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ದಿಂಬುಗಳಿಗೆ ಒರಗಿಸಿ ಕೂರಿಸಬೇಕು. ತಂದೆ ಅವನನ್ನು ತೋಳಲ್ಲಿ ಎತ್ತಿಕೊಂಡು ರಾತ್ರಿಯೆಲ್ಲ ಕೋಣೆಯಲ್ಲಿ ಶತಪಥ ತಿರುಗುವರು. ಅದೂ ಸಾಲದಾದರೆ ನಡುರಾತ್ರಿಯಲ್ಲಿ ಗಾಡಿ ಹೂಡಿಸಿ, ಗಾಳಿ ಮುಖಕ್ಕೆ ಬಡಿಯಲೆಂದು ಬೀದಿಬೀದಿ ಸುತ್ತಿಸುವರು. ಅಂದಿನ ವೈದ್ಯವೂ ವಿಚಿತ್ರವಾದದ್ದು. ಮಗುವಿಗೆ ಕಡುಗಪ್ಪು ಕಾಫಿ ಕುಡಿಸುತ್ತಿದ್ದರು, ಚುಟ್ಟಾ ಸೇದಿಸುತ್ತಿದ್ದರು! ಇಂದಿನ ಇನ್‌ಹೇಲರ್ ಆ ಮನೆಯಲ್ಲಿ ಇದ್ದಿದ್ದರೆ ಎಂದು ಓದುವಾಗ ಕರುಳು ಚುರುಕ್ಕೆನ್ನುತ್ತದೆ.

ಹಾಸಿಗೆಯಲ್ಲಿ ಕುಳಿತ ಹುಡುಗನಿಗೆ ಪುಸ್ತಕಗಳೇ ಗೆಳೆಯರಾದುವು. ಅದರಲ್ಲಿಯೂ ಪ್ರಾಣಿ ಪಕ್ಷಿಗಳ ಪುಸ್ತಕಗಳು. ಒಂದು ದಿನ ಬ್ರಾಡ್‌ವೇ ಬೀದಿಯ ಅಂಗಡಿಯಲ್ಲಿ ಸತ್ತ ಸೀಲ್ ಒಂದನ್ನು ಹಲಗೆಯ ಮೇಲೆ ಚಾಚಿದ್ದನ್ನು ಕಂಡು ಬೆರಗಾದ. ದಿನದಿನವೂ ಹೋಗಿ ಅದರ ಉದ್ದ ಸುತ್ತಳತೆಗಳನ್ನು ಅಳೆದು ಬರೆದುಕೊಂಡ. ಕೊನೆಗೆ ಅದರ ತಲೆಬುರುಡೆ ಅವನ ಕೈಸೇರಿತು. ಅದನ್ನಿಟ್ಟುಕೊಂಡು ಮನೆಯಲ್ಲೇ ‘ರೂಸ್‌ವೆಲ್ಟ್ ಪ್ರಕೃತಿ ಸಂಗ್ರಹಾಲಯ’ ತೆರೆದ. ಮಕ್ಕಳಾಟವೆಂದು ನಾವು ನಗಬಹುದು. ಆದರೆ ನ್ಯೂಯಾರ್ಕಿನ ಪ್ರಸಿದ್ಧ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯದ ಸ್ಥಾಪಕರಲ್ಲಿ ಅವನ ತಂದೆಯೂ ಒಬ್ಬರು. 1869 ರಲ್ಲಿ ಅದರ ಸನ್ನದು ಒಪ್ಪಿಗೆಯಾದದ್ದು ಅವರ ಮನೆಯ ನಡುಮನೆಯಲ್ಲಿಯೇ. ಎಂದರೆ ಆ ಮನೆಯಲ್ಲಿ ದೊಡ್ಡದೊಂದು, ಚಿಕ್ಕದೊಂದು, ಎರಡು ಸಂಗ್ರಹಾಲಯಗಳು ಹುಟ್ಟಿದುವು.

ಹದಿಮೂರು ವರ್ಷದ ಸುಮಾರಿಗೆ ಎರಡು ಸಂಗತಿಗಳು ನಡೆದುವು. ತಂದೆ ಅವನಿಗೆ ಒಂದು ಬಂದೂಕು ಕೊಡಿಸಿದರು. ಬಂದೂಕು ಹಿಡಿದು ಹೋದಾಗ, ಜೊತೆಯ ಹುಡುಗರಿಗೆ ಕಾಣುವ ಹಕ್ಕಿ ತನಗೆ ಕಾಣುವುದೇ ಇಲ್ಲ ಎಂಬುದು ಗೊತ್ತಾಯಿತು. ದೂರದಲ್ಲಿದ್ದ ದೊಡ್ಡ ಅಕ್ಷರಗಳ ಜಾಹೀರಾತನ್ನು ಗೆಳೆಯರು ಗಟ್ಟಿಯಾಗಿ ಓದಿದರೆ, ಅಲ್ಲಿ ಅಕ್ಷರವಿದೆಯೆಂಬುದೇ ಇವನಿಗೆ ತಿಳಿಯದು. ತಂದೆಗೆ ಹೇಳಿದ; ಕನ್ನಡಕ ಬಂತು; ಜಗತ್ತೇ ಹೊಸದಾಗಿ ತೆರೆಯಿತು. ಅಲ್ಲಿಯವರೆಗೆ ಹಕ್ಕಿಗಳನ್ನು ಹುಡುಗ ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದಲೇ ತಿಳಿದುಕೊಂಡಿದ್ದನೆಂದು ನನಗೆ ತೋರುತ್ತದೆ. ಈ ಕಿವಿಯ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು; ಕೊನೆಯಲ್ಲಿ ಬೇಕಾಗುತ್ತದೆ.

ಬಂದೂಕಿನ ಮಾತು ಕೇಳಿ ಕೆಲವರು ಹುಬ್ಬು ಗಂಟಿಕ್ಕಬಹುದು. ಹಕ್ಕಿಯನ್ನು ಪ್ರೀತಿಸುವವನು ಹಕ್ಕಿಯನ್ನು ಕೊಲ್ಲುವುದೆ? ಆ ಕಾಲದಲ್ಲಿ ಪಕ್ಷಿಶಾಸ್ತ್ರವೆಂದರೆ ಅದೇ. ಒಳ್ಳೆಯ ದುರ್ಬೀನು ಎಲ್ಲರ ಕೈಯಲ್ಲಿರಲಿಲ್ಲ. ಇಂಥದೇ ಹಕ್ಕಿಯೆಂದು ಸಾಧಿಸಬೇಕಾದರೆ ಹೊಡೆದು ತಂದು, ಚರ್ಮ ಬಿಡಿಸಿ, ಪಾಷಾಣ ಸವರಿ, ಹತ್ತಿ ತುಂಬಿ ಇಡಬೇಕಾಗಿತ್ತು. ಈ ವಿದ್ಯೆಯನ್ನು ಥಿಯೊಡೋರ್ ಕಲಿತದ್ದು ಜಾನ್ ಬೆಲ್ ಎಂಬ ಮುದುಕರಿಂದ. ಅವರು ಅಮೆರಿಕದ ಮಹಾ ಪಕ್ಷಿಚಿತ್ರಕಾರ ಆಡುಬನ್ ಅವರೊಡನೆ 1843 ರಲ್ಲಿ ಮಿಸೂರಿ ನದಿಯ ಯಾತ್ರೆ ಮಾಡಿದ್ದವರು. 1872–73 ರ ಚಳಿಗಾಲದಲ್ಲಿ ಮನೆಯವರೆಲ್ಲ ಈಜಿಪ್ಟಿಗೆ ಹೋಗಿ ನೈಲ್ ನದಿಯಲ್ಲಿ ದೋಣಿಮನೆಯಲ್ಲಿದ್ದಾಗ ಹುಡುಗ ಕತ್ತೆಯೇರಿ ದಡದಲ್ಲಿ ಅಲೆದು ಹಕ್ಕಿಗಳನ್ನು ಕೂಡಿಹಾಕಿದ. ಆ ಒಣಹವೆಯಲ್ಲಿ ಎದೆ ಹಗುರವಾಯಿತು. ಯೂರೋಪಿನ ಡ್ರೆಸ್‌ಡನ್ನಿಗೆ ಬಂದೊಡನೆ ಉಬ್ಬಸ ಮತ್ತೆ ಹುಡುಕಿಕೊಂಡು ಬಂತು.

1876 ರ ಸೆಪ್ಟೆಂಬರಿನಲ್ಲಿ ಥಿಯೊಡೋರ್ ಹಾರ್ವರ್ಡ್ ಸೇರಿದ. ಎಲ್ಲರಂತೆ ವಿದ್ಯಾರ್ಥಿನಿಲಯದಲ್ಲಿ ಇರಲಿಲ್ಲ. ನೆಲದ ಅಂತಸ್ತಿನ ತೇವ ಎದೆಗೆ ಆಗದೆಂದು ಅಕ್ಕ ಮೊದಲೇ ಬಂದು, ವಿನ್‌ತ್ರೋಪ್ ಬೀದಿಯ ಹದಿನಾರನೆಯ ನಂಬರಿನ ಮನೆಯಲ್ಲಿ ಮಹಡಿಯ ಕೋಣೆ ಹಿಡಿದು ಒಪ್ಪಮಾಡಿ ಹೋಗಿದ್ದಳು. ಆ ಕೋಣೆಯಲ್ಲಿ ಪುಸ್ತಕಗಳ ಜೊತೆಗೆ ಹತ್ತಿ ತುಂಬಿದ ಹಕ್ಕಿಗಳೂ ಜೀವಂತ ಆಮೆ ಹಾವುಗಳೂ ವಾಸಕ್ಕೆ ಬಂದುವು. ಮೊದಲ ವರ್ಷ ಗ್ರೀಕ್, ಲ್ಯಾಟಿನ್, ಗಣಿತ ಇವೆಲ್ಲ ಕಡ್ಡಾಯ; ತನಗೆ ಬೇಕಾದ ಪ್ರಕೃತಿ ವಿಜ್ಞಾನಕ್ಕೆ ಎರಡನೆಯ ವರ್ಷದವರೆಗೆ ಕಾಯಬೇಕು. ತರಗತಿಯಲ್ಲಿ ಅವನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದನಂತೆ. ಭೂವಿಜ್ಞಾನದ ಪ್ರಾಧ್ಯಾಪಕ ಶೇಲರ್ ಅವರು ಒಮ್ಮೆ ತಾಳಲಾರದೆ, ಪಾಠ ಹೇಳುತ್ತಿರುವವನು ತಾನು, ಸ್ವಲ್ಪ ತನಗೂ ಮಾತಾಡಲು ಬಿಡಬೇಕು ಎಂಬರ್ಥದ ಮಾತನ್ನು ಹೇಳಿದರೆಂಬ ಕಥೆಯುಂಟು. ಅಧ್ಯಾಪಕನಾಗಿ ನನಗೆ ಶೇಲರ್ ಅವರ ಮೇಲೆ ಸಂಪೂರ್ಣ ಸಹಾನುಭೂತಿಯಿದೆ.

ಕಾಲೇಜಿನಲ್ಲಿ ಅವನಿಗೆ ಸಿಕ್ಕ ಭಾಗ್ಯವೆಂದರೆ ಒಬ್ಬ ಗೆಳೆಯ: ಹೆನ್ರಿ ಮಿನಟ್. ಇಬ್ಬರಿಗೂ ಒಂದೇ ಹುಚ್ಚು. 1877 ರ ಜೂನಿನಲ್ಲಿ, ಮೊದಲ ವರ್ಷದ ಓದು ಮುಗಿದೊಡನೆ, ಇಬ್ಬರೂ ನ್ಯೂಯಾರ್ಕ್ ಸಂಸ್ಥಾನದ ಉತ್ತರಕ್ಕಿರುವ ಅಡಿರಾಂಡ್ಯಾಕ್ ಬೆಟ್ಟಗಳಿಗೆ ಹೋದರು. ಸೇಂಟ್ ರೀಜಿಸ್ ಸರೋವರಗಳ ಸುತ್ತಿನ ಕಾಡು ಥಿಯೊಡೋರನಿಗೆ ಹೊಸದಲ್ಲ. 1874 ಮತ್ತು 1875 ರ ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಅಲೆದಿದ್ದ. ಆದರೆ ಆಗಸ್ಟಿಗೆ ಹಕ್ಕಿಗಳ ಹಾಡು ನಿಂತುಹೋಗಿರುತ್ತದೆ. ಜೂನ್ ತಿಂಗಳೇ ಗೂಡುಕಟ್ಟುವ, ಹಾಡುವ ಕಾಲ. ರಾತ್ರಿ ದೋಣಿಯಲ್ಲಿ ಕುಳಿತು ಸರೋವರದ ಕತ್ತಲಲ್ಲಿ ಹೋಗುತ್ತಿರುವಾಗ ದಡದ ಕಾಡಿನಿಂದ ಹರ್ಮಿಟ್ ಥ್ರಶ್ ಎಂಬ ಹಕ್ಕಿ ಹಾಡಿತು. ನಮ್ಮ ಮಲೆನಾಡಿನವರಿಗೆ ಸಿಳ್ಳಾರ ಹೇಗೋ ಅಲ್ಲಿನವರಿಗೆ ಆ ಹಕ್ಕಿ ಹಾಗೆ. ಹೆಸರಿನಲ್ಲಿಯೇ ಸಂನ್ಯಾಸಿ, ಕಾಣಿಸಿಕೊಳ್ಳುವುದು ಅಪರೂಪ, ಹಾಡು ಮಾತ್ರ ಮರೆಯುವಂಥದಲ್ಲ. ಆ ರಾತ್ರಿಯನ್ನು ಕುರಿತು ಹುಡುಗ ದಿನಚರಿಯಲ್ಲಿ ಮನಸ್ಸು ತುಂಬಿ ಬರೆದುಕೊಂಡಿದ್ದಾನೆ. ಎಷ್ಟೋ ರಾತ್ರಿಗಳನ್ನು ತನ್ನ ಎದೆಯ ಸದ್ದನ್ನೇ ಕೇಳುತ್ತ ಕಳೆದಿದ್ದ ಜೀವಕ್ಕೆ ಆ ರಾತ್ರಿಯ ಬೆಲೆ ಎಷ್ಟಿದ್ದಿರಬೇಕು!

ಈ ಓಡಾಟದ ಫಲವಾಗಿ ಅದೇ ವರ್ಷ ಅಕ್ಟೋಬರಿನಲ್ಲಿ ಕೆಲವೇ ಪುಟಗಳ ಒಂದು ಪತ್ರಿಕೆ ಅಚ್ಚಾಯಿತು: ಫ್ರಾಂಕ್ಲಿನ್ ಕೌಂಟಿಯ ಅಡಿರಾಂಡ್ಯಾಕ್ ಬೆಟ್ಟಗಳ ಬೇಸಿಗೆಯ ಹಕ್ಕಿಗಳು. ಕರ್ತೃಗಳು ಥಿಯೊಡೋರ್ ರೂಸ್‌ವೆಲ್ಟ್ ಕಿರಿಯ ಮತ್ತು ಎಚ್. ಡಿ. ಮಿನಟ್. ಅದರಲ್ಲಿ ತೊಂಬತ್ತೇಳು ಹಕ್ಕಿಗಳು. ವರ್ಣನೆಯಿಲ್ಲ, ಉಪಮೆಯಿಲ್ಲ, ಹೆಸರು, ಸಾಮಾನ್ಯವೋ ಅಪರೂಪವೋ, ಎಲ್ಲಿ ಸಿಕ್ಕಿತು, ಇಷ್ಟೇ. ನನ್ನ ಕೈಗೆ ಬಂದಿದ್ದರೆ “ಇದು ಪ್ರಬಂಧವಲ್ಲ, ಪಟ್ಟಿ” ಎಂದು ಖಂಡಿತವಾಗಿ ಬರೆಯುತ್ತಿದ್ದೆ. ಅದೃಷ್ಟವಶಾತ್ ಅದು ಸಿ. ಹಾರ್ಟ್ ಮೆರಿಯಮ್ ಅವರ ಕೈಗೆ ಹೋಯಿತು. ಮೆರಿಯಮ್ ಆ ಬೆಟ್ಟಗಳ ಅಂಚಿನಲ್ಲಿಯೇ ಬೆಳೆದವರು, ಮುಂದೆ ಅಮೆರಿಕದ ಸರ್ಕಾರಿ ಜೀವಿ ಸಮೀಕ್ಷೆಯ ಮುಖ್ಯಸ್ಥರಾದವರು. ಅವರು 1878 ರಲ್ಲಿ ನಟಾಲ್ ಪಕ್ಷಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಈ ಪಟ್ಟಿಯನ್ನು ಹೊಗಳಿದರು. ಪಟ್ಟಿ ಚಿಕ್ಕದು, ಆದರೆ ಪುಸ್ತಕದಿಂದ ಎತ್ತಿದ್ದಲ್ಲ, ಬರೆದವರು ತಾವೇ ಕಂಡದ್ದು ಎಂಬುದು ಅವರ ಮೆಚ್ಚಿಕೆಗೆ ಕಾರಣ. ಪಟ್ಟಿಗೂ ಪಟ್ಟಿಗೂ ವ್ಯತ್ಯಾಸವುಂಟೆಂದು ನಲವತ್ತು ದಾಟಿದ ಮೇಲೆ ನನಗೆ ತಿಳಿಯಿತು.

ಹೀಗೆ ಹತ್ತೊಂಬತ್ತರ ಹುಡುಗ ಪಕ್ಷಿಶಾಸ್ತ್ರಜ್ಞನಾಗುವ ದಾರಿಯಲ್ಲಿದ್ದ. ತಂದೆಯ ಒಪ್ಪಿಗೆಯೂ ಇತ್ತು. ಅವರು ಹೇಳಿದ್ದು ಬಹಳ ವಿವೇಕದ ಮಾತು. ವಿಜ್ಞಾನಿಯಾಗಬೇಕೆಂದರೆ ಆಗು, ನಾನು ಗಳಿಸಿಟ್ಟದ್ದರಲ್ಲಿ ನಿನ್ನ ಜೀವನ ನಡೆಯುತ್ತದೆ. ಆದರೆ ಹವ್ಯಾಸಕ್ಕೆಂದು ಮಾಡುವುದಾದರೆ ಬೇಡ, ಪೂರ್ಣ ಮನಸ್ಸಿನಿಂದ ಮಾಡಬೇಕು. ಹಣ ಗಳಿಸುವುದಿಲ್ಲವೆಂದ ಮೇಲೆ ಖರ್ಚನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು; ಭಿನ್ನರಾಶಿಯಲ್ಲಿ ಮೇಲಿನ ಅಂಕಿ ಬೆಳೆಯದಿದ್ದರೆ ಕೆಳಗಿನದನ್ನು ತಗ್ಗಿಸಲೇಬೇಕಲ್ಲ? ಇದು ಅವರ ಉಪದೇಶದ ಸಾರ. ಮಗನ ಹಕ್ಕಿ ಹುಚ್ಚಿಗೆ ಹೀಗೆ ಲೆಕ್ಕ ಬಿಡಿಸಿ ಉತ್ತರ ಕೊಡುವ ತಂದೆ ಇಂದು ಕೂಡ ನೂರರಲ್ಲಿ ಒಬ್ಬರು ಸಿಕ್ಕಿದರೆ ಹೆಚ್ಚು.

ಆ ತಂದೆ 1878 ರ ಫೆಬ್ರವರಿ 9 ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಸುದ್ದಿ ತಿಳಿದು ಮಗ ಕಾಲೇಜಿನಿಂದ ಹೊರಟು ಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಉಸಿರು ಕಟ್ಟಿದ ರಾತ್ರಿಗಳಲ್ಲಿ ತನ್ನನ್ನು ಎತ್ತಿಕೊಂಡು ತಿರುಗಿದವರ ಕೊನೆಯ ಉಸಿರಿನ ಹೊತ್ತಿಗೆ ತಾನು ಹತ್ತಿರವಿರಲಿಲ್ಲ ಎಂಬ ಕೊರಗು ಅವನನ್ನು ಬಹುಕಾಲ ಬಿಡಲಿಲ್ಲ. ಆದರೂ ಕಾಲೇಜಿಗೆ ಹಿಂದಿರುಗಿದ, ಪರೀಕ್ಷೆ ಬರೆದ. 1879 ರಲ್ಲಿ, ಬೇಸಿಗೆಯ ಮನೆಯಿದ್ದ ಆಯ್ಸ್ಟರ್ ಬೇ ಹಳ್ಳಿಯ ಹದಿನೇಳು ಹಕ್ಕಿಗಳನ್ನು ಕುರಿತು ಇನ್ನೊಂದು ಚಿಕ್ಕ ಪಟ್ಟಿ ಹೊರತಂದ. ಅಲ್ಲಿಗೆ ಆ ಪಟ್ಟಿಗಳು ನಿಂತುವು. 1880 ರಲ್ಲಿ ಪದವಿ ಪಡೆದು ಹೊರಬಂದವನು ಪಕ್ಷಿಶಾಸ್ತ್ರಜ್ಞನಾಗುವ ಆಸೆಯನ್ನು ಬಿಟ್ಟುಬಿಟ್ಟಿದ್ದ.

ಏಕೆ ಬಿಟ್ಟ? ಉಬ್ಬಸವೆ? ಅಲ್ಲ, ಅದು ಕಾಲೇಜಿನ ವರ್ಷಗಳಲ್ಲಿ ಬರಬರುತ್ತ ತಗ್ಗಿತ್ತು. ಈ ಪ್ರಶ್ನೆಗೆ ಅವನೇ 1913 ರ ಆತ್ಮಚರಿತ್ರೆಯಲ್ಲಿ ಉತ್ತರ ಕೊಟ್ಟಿದ್ದಾನೆ. ಹಾರ್ವರ್ಡಿನವರಿಗೆ ಆಗ ಜೀವವಿಜ್ಞಾನವೆಂದರೆ ಪ್ರಯೋಗಶಾಲೆ ಮತ್ತು ಸೂಕ್ಷ್ಮದರ್ಶಕ. ಕಾಡಿನಲ್ಲಿ ಬದುಕಿರುವ ಪ್ರಾಣಿಯನ್ನು ನೋಡಿ ತಿಳಿಯುವುದು ಅವರ ಲೆಕ್ಕಕ್ಕೆ ವಿಜ್ಞಾನವೇ ಅಲ್ಲ. ಕಣ್ಣಿಗೆ ಕಾಣದ ಜೀವಿಗಳನ್ನು ನೋಡುವುದು, ಅಂಗಾಂಶಗಳನ್ನು ತೆಳುವಾಗಿ ಸೀಳಿ ಗಾಜಿನ ಮೇಲಿಡುವುದು, ಇದರಲ್ಲಿಯೇ ಜೀವಮಾನ ಕಳೆಯುವುದಾದರೆ ತನಗೆ ಬೇಡ ಎನ್ನಿಸಿತು ಎಂದು ಅವನ ಹೇಳಿಕೆ. ಅಚ್ಚರಿಯೆಂದರೆ, ಪುಸ್ತಕ ಬಿಟ್ಟು ಪ್ರಕೃತಿಯನ್ನು ಓದಿರೆಂದು ಬೋಧಿಸುತ್ತಿದ್ದ ಲೂಯಿ ಅಗಾಸಿ ಅದೇ ಹಾರ್ವರ್ಡಿನಲ್ಲಿ ಸಂಗ್ರಹಾಲಯ ಕಟ್ಟಿದ್ದವರು. ಅವರು ತೀರಿಕೊಂಡದ್ದು 1873 ರಲ್ಲಿ, ಈ ಹುಡುಗ ಬರುವ ಮೂರೇ ವರ್ಷ ಮೊದಲು.

ಇತಿಹಾಸ ಹೇಳುವವನು ಒಬ್ಬನೇ ಸಾಕ್ಷಿಯ ಮಾತನ್ನು ನೆಚ್ಚಬಾರದು. ಮೂವತ್ತು ವರ್ಷಗಳ ಮೇಲೆ ಬರೆದ ನೆನಪಿದು. ಸೋತ ಆಸೆಗೆ ಮನುಷ್ಯ ಕಾರಣ ಹುಡುಕುವಾಗ ತನ್ನ ಹೊರಗೆ ಹುಡುಕುವುದೇ ಹೆಚ್ಚು. ಹಾರ್ವರ್ಡಿನಲ್ಲಿ ಅವನಿಗೆ ತುಲನಾತ್ಮಕ ಅಂಗರಚನೆ ಕಲಿಸಿದವರು ವಿಲಿಯಂ ಜೇಮ್ಸ್. ಮುಂದೆ ಮನಶ್ಶಾಸ್ತ್ರದ ಪಿತಾಮಹರಲ್ಲಿ ಒಬ್ಬರೆನಿಸಿದ ಆ ಗುರುಗಳನ್ನು ಮಂದಬುದ್ಧಿಯವರೆನ್ನಲು ಸಾಧ್ಯವೆ? 1878 ರ ಅಕ್ಟೋಬರಿನಲ್ಲಿ ಥಿಯೊಡೋರ್ ಆಲಿಸ್ ಲೀ ಎಂಬ ಹುಡುಗಿಯನ್ನು ಕಂಡು ಮನಸೋತ. ಸಂಸಾರದ ಯೋಚನೆ ಬಂತು. ದಾರಿ ತೋರಿಸಿದ ತಂದೆ ಇರಲಿಲ್ಲ. ಜೊತೆಗಾರ ಮಿನಟ್ ಪದವಿ ಮುಗಿಸದೆ ಹಾರ್ವರ್ಡ್ ಬಿಟ್ಟ. ಹಕ್ಕಿಗಳ ಮೇಲೆ ಒಳ್ಳೆಯ ಪುಸ್ತಕ ಬರೆದಿದ್ದ ಆ ತರುಣ ರೈಲ್ವೆ ಉದ್ಯಮಕ್ಕೆ ಸೇರಿ, 1890 ರಲ್ಲಿ ರೈಲು ಅಪಘಾತದಲ್ಲಿಯೇ ಸತ್ತ. ಇವೆಲ್ಲವೂ ಕೂಡಿ ಹುಡುಗನ ಮನಸ್ಸನ್ನು ತಿರುಗಿಸಿರಬೇಕು. ಇಷ್ಟನ್ನು ಕಳೆದ ಮೇಲೂ ಒಂದು ಮಾತು ಉಳಿಯುತ್ತದೆ. ನಾಲ್ಕು ವರ್ಷಗಳಲ್ಲಿ, ನೀನು ಮಾಡುತ್ತಿರುವುದೂ ವಿದ್ಯೆಯೇ ಎಂದು ಹೇಳುವ ಒಬ್ಬ ಗುರು ಅವನಿಗೆ ಸಿಕ್ಕಿದ್ದರೆ ಅವನು ಅದನ್ನು ಮರೆಯುತ್ತಿರಲಿಲ್ಲ. ಆತ್ಮಚರಿತ್ರೆಯಲ್ಲಿ ಅಂಥ ಗುರುವಿನ ಹೆಸರಿಲ್ಲ.

ಪದವಿಗೆ ಕೆಲವು ತಿಂಗಳು ಮೊದಲು, 1880 ರ ಮಾರ್ಚಿನಲ್ಲಿ, ಕಾಲೇಜಿನ ವೈದ್ಯ ಸಾರ್ಜೆಂಟ್ ಅವನ ಎದೆ ಪರೀಕ್ಷಿಸಿ, ಹೃದಯ ದುರ್ಬಲವಾಗಿದೆ, ಮೆಟ್ಟಿಲನ್ನು ಕೂಡ ಓಡಿ ಹತ್ತಬಾರದು, ಶ್ರಮವಿಲ್ಲದ ಉದ್ಯೋಗ ಹುಡುಕಿಕೋ ಎಂದರು. ಅಂಥ ಬದುಕು ತನಗೆ ಬೇಡವೆಂದು ಹುಡುಗ ಎದ್ದುಬಂದ. ಬಹುಕಾಲ ಯಾರಿಗೂ ಹೇಳಲಿಲ್ಲ. ಮರುವರ್ಷವೇ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರ ಹತ್ತಿದ. ವೈದ್ಯರ ಮಾತನ್ನು ಮೀರಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ನನಗೆ ಕಂಡ ಸೋಜಿಗ ಬೇರೆ: ವೈದ್ಯರು ಬೇಡವೆಂದದ್ದನ್ನು ಹಟ ಹಿಡಿದು ಮಾಡಿದವನು, ಕಾಲೇಜು ಬೇಡವೆಂದದ್ದನ್ನು ಸುಮ್ಮನೆ ಬಿಟ್ಟುಕೊಟ್ಟ. ಕಾಯಿಲೆಯೊಡನೆ ಗುದ್ದಾಡಬಹುದು, ಗುರುಗಳ ಉದಾಸೀನದೊಡನೆ ಗುದ್ದಾಡುವುದು ಹೇಗೆ?

ಮುಂದಿನದು ಎಲ್ಲರಿಗೂ ತಿಳಿದ ಇತಿಹಾಸ. ಅಧ್ಯಕ್ಷರಾದ ರೂಸ್‌ವೆಲ್ಟ್ 1903 ರ ಮಾರ್ಚ್ 14 ರಂದು ಫ್ಲಾರಿಡಾದ ಪೆಲಿಕನ್ ದ್ವೀಪವನ್ನು ಹಕ್ಕಿಗಳಿಗೆ ಮೀಸಲಿಟ್ಟರು. ಹೆಂಗಸರ ಟೋಪಿಯ ಗರಿಗಾಗಿ ಹಕ್ಕಿಗಳನ್ನು ಕೊಲ್ಲುತ್ತಿದ್ದ ಕಾಲ ಅದು. ಅಧಿಕಾರ ಬಿಡುವ ಹೊತ್ತಿಗೆ ಅಂಥ ಐವತ್ತೊಂದು ಪಕ್ಷಿಧಾಮಗಳು ಅವರ ರುಜುವಿನಿಂದ ಆಗಿದ್ದುವು. ಅಲ್ಲಿ ಉಳಿದುಕೊಂಡದ್ದೂ ಹೆಜ್ಜಾರ್ಲೆಯ ಕುಲದ ಹಕ್ಕಿಯೇ. ನಮ್ಮ ಕಾವೇರಿಯ ರಂಗನತಿಟ್ಟು 1940 ರಲ್ಲಿ, ಸಲೀಂ ಅಲಿಯವರ ಮಾತಿನಿಂದ, ಪಕ್ಷಿಧಾಮವಾಯಿತು. ಅವರೂ ಬಾಲ್ಯದಲ್ಲಿ ತಲೆನೋವಿನಿಂದ ಓದು ಕೆಡಿಸಿಕೊಂಡು, ಮುಂಬಯಿಯ ಕಾಲೇಜನ್ನು ಒಮ್ಮೆ ನಡುವೆಯೇ ಬಿಟ್ಟಿದ್ದವರು. ಅವರಿಗೆ ಮಾತ್ರ ಫಾದರ್ ಬ್ಲಾಟರ್ ಎಂಬ ಅಧ್ಯಾಪಕರು ಸಿಕ್ಕಿ, ಪ್ರಾಣಿಶಾಸ್ತ್ರ ಓದೆಂದು ಮತ್ತೆ ಕಾಲೇಜಿಗೆ ಕರೆತಂದರು.

ರೂಸ್‌ವೆಲ್ಟ್ ಪಕ್ಷಿಶಾಸ್ತ್ರಜ್ಞನಾಗದಿದ್ದುದೇ ಒಳ್ಳೆಯದಾಯಿತು, ಇಲ್ಲವಾದರೆ ಐವತ್ತೊಂದು ಧಾಮಗಳು ಎಲ್ಲಿರುತ್ತಿದ್ದುವು ಎಂದು ಕೆಲವರು ಹೇಳಬಹುದು. ಅಧ್ಯಾಪಕರಿಗೆ ಹಿತವಾದ ತರ್ಕ. ಆದರೆ ದಾರಿ ತಪ್ಪಿಸಿಕೊಂಡ ಎಲ್ಲ ಹುಡುಗರೂ ದೇಶದ ಅಧ್ಯಕ್ಷರಾಗುವುದಿಲ್ಲ.

ಕೊನೆಯದಾಗಿ ಒಂದು ದಿನದ ಸಂಗತಿ. 1910 ರ ಜೂನ್ 9 ರಂದು, ಅಧಿಕಾರ ಬಿಟ್ಟ ರೂಸ್‌ವೆಲ್ಟ್ ಇಂಗ್ಲೆಂಡಿನ ವಿದೇಶಾಂಗ ಸಚಿವ ಸರ್ ಎಡ್ವರ್ಡ್ ಗ್ರೇ ಅವರೊಡನೆ ಇಚೆನ್ ನದಿಯ ಕಣಿವೆಯಲ್ಲಿ, ನ್ಯೂ ಫಾರೆಸ್ಟ್ ಕಾಡಿನಲ್ಲಿ ಹಕ್ಕಿಗಳ ಹಾಡು ಕೇಳುತ್ತ ನಡೆದರು. ಶ್ವೇತಭವನದಲ್ಲಿದ್ದಾಗ ಮುಷ್ಟಿಯುದ್ಧದ ಅಭ್ಯಾಸದಲ್ಲಿ ಏಟು ಬಿದ್ದು ಅವರ ಎಡಗಣ್ಣು ಹೋಗಿತ್ತು. ಆದರೆ ಕಿವಿ ಅಡಿರಾಂಡ್ಯಾಕಿನ ಕಿವಿಯೇ. ಆ ದಿನ ನಲವತ್ತರಷ್ಟು ಬಗೆಯ ಹಕ್ಕಿಗಳನ್ನು ಕಂಡರು, ಇಪ್ಪತ್ತರಷ್ಟರ ಹಾಡು ಕೇಳಿದರು. ಒಂದು ಪುಟ್ಟ ಹಕ್ಕಿಯ ದನಿ ಕೇಳಿದೊಡನೆ, ಇದರ ಹಾಡಿನಂಥ ಹಾಡು ನಮ್ಮ ದೇಶದಲ್ಲೂ ಉಂಟು ಎಂದು ರೂಸ್‌ವೆಲ್ಟ್ ಗುರುತು ಹಿಡಿದರಂತೆ. ಗ್ರೇ ಈ ಕಥೆಯನ್ನು ಬಹಿರಂಗವಾಗಿ ಹೇಳಿದ್ದು 1919 ರ ಡಿಸೆಂಬರಿನಲ್ಲಿ; ಅದೇ ವರ್ಷ ಜನವರಿ 6 ರಂದು ರೂಸ್‌ವೆಲ್ಟ್ ತೀರಿಕೊಂಡಿದ್ದರು. ಹೇಳಿದ ಸ್ಥಳ ಯಾವುದು ಗೊತ್ತೆ? ಹಾರ್ವರ್ಡ್. ಆ ಹುಡುಗ ಕಾಲೇಜು ಬಿಟ್ಟು ಮೂವತ್ತೊಂಬತ್ತು ವರ್ಷಗಳ ಮೇಲೆ, ಅವನ ಹಕ್ಕಿಗಳ ಮಾತು ಆ ಕಾಲೇಜಿನ ಸಭೆಯಲ್ಲಿ ಗೌರವದಿಂದ ಕೇಳಿಬಂತು.

ನನ್ನ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ನಾನರಿಯೆ. ಅವನ ಹನ್ನೆರಡು ಹಾಳೆಗಳನ್ನು ನಾನು ಇಟ್ಟುಕೊಂಡಿಲ್ಲ. ಕೆಂಪು ಶಾಯಿಯ ಸಮೇತ ಅವನಿಗೇ ಕೊಟ್ಟುಬಿಟ್ಟೆ. ಈ ವರ್ಷದ ಹಾಜರಿ ಪಟ್ಟಿ ಬಂದಾಗ ರುಜು ಹಾಕುವ ಮೊದಲು ಅದರಲ್ಲಿದ್ದ ಆರು ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು, ಏಕೆ ಬರಲಿಲ್ಲ ಎಂದು ಕೇಳಿದೆ. ನಾಲ್ವರು ಸುಳ್ಳು ಹೇಳಿದರು. ಒಬ್ಬನ ತಾಯಿ ಆಸ್ಪತ್ರೆಯಲ್ಲಿದ್ದರು. ಇನ್ನೊಬ್ಬ ಬಹಳ ಹೊತ್ತು ತಲೆ ತಗ್ಗಿಸಿ ನಿಂತಿದ್ದು, “ಹೇಳಿದರೆ ನಗುತ್ತೀರಿ ಸರ್” ಎಂದ. ನಗುವುದಿಲ್ಲ, ಕೂತುಕೋ ಎಂದೆ.